‘ಕ್ವೈಟ್ ಗುಡ್’ ಅಂದ್ರೆ ಹೊಗಳಿದ್ದೋ, ಸಮಾಧಾನ ಹೇಳಿದ್ದೋ?

ಬೆಣ್ಣೆದೋಸೆ:
ನಮ್ಮ ಟೀಮಿಗೆ ಇಬ್ಬರು ಮ್ಯಾನೇಜರ್‌ಗಳು. ಒಬ್ಬರು ಲಂಡನ್ನಿನವರು, ಇನ್ನೊಬ್ಬರು ಚಿಕಾಗೋದವರು. ಹೋದ ವಾರ ನನ್ನ ರಿಪೋರ್ಟ್ ನೋಡಿ ಇಬ್ಬರೂ ಬರೆದದ್ದು ಒಂದೇ ಮಾತು, ‘ಕ್ವೈಟ್ ಗುಡ್’. ಖುಷಿಯಾಗಿ ಮನೆಯಲ್ಲೂ ಹೇಳಿಕೊಂಡೆ. ಆಮೇಲೆ ನೋಡಿದರೆ ಚಿಕಾಗೋದವರು ‘ಹಾಗೇ ಕ್ಲೈಂಟಿಗೆ ಕಳಿಸಿ’ ಅಂದರು, ಲಂಡನ್ನಿನವರಿಂದ ಎರಡು ಪುಟ ತಿದ್ದುಪಡಿ ಬಂತು! ಡಿಕ್ಷನರಿ ತೆಗೆದರೆ ‘ಕ್ವೈಟ್’ (quite) ಪದಕ್ಕೆ ‘ಸಂಪೂರ್ಣವಾಗಿ’ ಅಂತಲೂ ಇದೆ, ‘ತಕ್ಕಮಟ್ಟಿಗೆ’ ಅಂತಲೂ ಇದೆ. ಎರಡೂ ಒಂದೇ ಪದಕ್ಕೆ ಹೇಗೆ ಸ್ವಾಮಿ? ‘ಕ್ವೈಟ್ ಎ ಫ್ಯೂ’ ಅಂದರೆ ಕೆಲವರಾ, ತುಂಬಾ ಜನವಾ?

ಹಳೇ ಮೇಷ್ಟ್ರು:
ಇಬ್ಬರೂ ಸುಳ್ಳು ಹೇಳಿಲ್ಲ. ಅಮೆರಿಕದವರ ಬಾಯಲ್ಲಿ ‘ಕ್ವೈಟ್ ಗುಡ್’ ಸಾಮಾನ್ಯವಾಗಿ ‘ತುಂಬಾ ಚೆನ್ನಾಗಿದೆ’. ಬ್ರಿಟನ್ನಿನವರ ಬಾಯಲ್ಲಿ ಬಹಳ ಸಲ ‘ಪರವಾಗಿಲ್ಲ’ ಅನ್ನುವಷ್ಟೇ.

ಈ ಪದದ ಮೂಲ ಲ್ಯಾಟಿನ್, ಫ್ರೆಂಚ್ ಕಡೆಯಿಂದ ಬಂದದ್ದು. ಕೆಲಸ ಬಿಡುವ ‘ಕ್ವಿಟ್’, ಸುಮ್ನಿರುವ ‘ಕ್ವಯಟ್’ ಎರಡೂ ಇದರ ನೆಂಟರೇ. ಮೊದಲಿದ್ದ ಅರ್ಥ ‘ಋಣ ಕಳೆದ, ಬಿಡುಗಡೆಯಾದ’ ಅಂತ. ನಮ್ಮ ಅಂಗಡಿ ಲೆಕ್ಕದಲ್ಲಿ ಚುಕ್ತಾ ಅಂತೀವಲ್ಲ, ಹಾಗೆ. ಲೆಕ್ಕ ಚುಕ್ತಾ ಆದರೆ ಏನೂ ಬಾಕಿ ಇಲ್ಲ, ಅಂದರೆ ಪೂರ್ತಿ. ‘ತಕ್ಕಮಟ್ಟಿಗೆ’ ಅನ್ನುವ ಅರ್ಥ ಎಷ್ಟೋ ಕಾಲ ಆದಮೇಲೆ ಸೇರಿಕೊಂಡದ್ದು, ಆದರೆ ಹಳೆಯದು ಮನೆ ಖಾಲಿ ಮಾಡಲಿಲ್ಲ!

ಒಂದು ಉಪಾಯ ಹೇಳುತ್ತೇನೆ. ಮುಂದಿನ ಪದಕ್ಕೆ ‘ವೆರಿ’ ಹಚ್ಚಿ ನೋಡಿ. ‘ವೆರಿ ಗುಡ್’ ಅನ್ನಬಹುದು, ಹಾಗಾಗಿ ಬ್ರಿಟಿಷರಿಗೆ ‘ಕ್ವೈಟ್ ಗುಡ್’ ಅಂದರೆ ತಕ್ಕಮಟ್ಟಿಗೆ. ‘ವೆರಿ ಇಂಪಾಸಿಬಲ್’ ಅಂತ ಯಾರೂ ಅನ್ನಲ್ಲ, ಹಾಗಾಗಿ ‘ಕ್ವೈಟ್ ಇಂಪಾಸಿಬಲ್’ ಅಂದರೆ ಸಾಧ್ಯವೇ ಇಲ್ಲ. ‘ಕ್ವೈಟ್ ರೈಟ್’ ಕೂಡ ಈ ಗುಂಪೇ, ನೂರಕ್ಕೆ ನೂರು ಸರಿ ಅಂತ.

ಉಡುಪಿ ಟು ಲೀಡ್ಸ್:
ಮೇಷ್ಟ್ರೇ, ಉಪಾಯ ಚೆನ್ನಾಗಿದೆ, ಆದರೆ ‘ಡಿಫರೆಂಟ್’ ಹತ್ತಿರ ಕೈಕೊಡುತ್ತದೆ. ‘ವೆರಿ ಡಿಫರೆಂಟ್’ ಅನ್ನುತ್ತಾರೆ, ಆದರೂ ‘ಕ್ವೈಟ್ ಡಿಫರೆಂಟ್’ ಅಂದರೆ ಇಲ್ಲಿ ಇಂಗ್ಲೆಂಡಿನಲ್ಲೂ ಪೂರ್ತಿ ಬೇರೆ ಅಂತಲೇ ಅರ್ಥ ಮಾರಾಯ್ರೆ.

ಇನ್ನೊಂದು, ಇಮೇಲ್‌ನಲ್ಲಿ ರಾಗ ಕೇಳಿಸಲ್ಲ, ಅದೇ ತೊಂದರೆ. ಇಲ್ಲಿನವರು ‘ಕ್ವೈಟ್’ ಮೇಲೆ ಒತ್ತು ಹಾಕಿ ಎಳೆದರೆ ‘ಏನೋ ಇದೆ, ಆದರೆ...’ ಅಂತ ಲೆಕ್ಕ. ಒತ್ತು ‘ಗುಡ್’ ಮೇಲೆ ಬಿದ್ದರೆ ಸ್ವಲ್ಪ ಮೆಚ್ಚಿದ್ದಾರೆ ಅಂತ. ನಾನು ಬಂದ ಹೊಸತರಲ್ಲಿ ಪಕ್ಕದ ಮನೆಯವರಿಗೆ ನೀರ್‌ದೋಸೆ ಕೊಟ್ಟಿದ್ದೆ. ಆಕೆ ‘ಕ್ವೈಟ್’ ಅನ್ನು ಎಳೆದು ‘ಕ್ವೈಟ್ ನೈಸ್’ ಅಂದರು. ನಾನು ದಡ್ಡಿ, ಮರುದಿನ ಇನ್ನೂ ಆರು ಕೊಟ್ಟು ಬಂದೆ 😄

ಸುಮ್ನೆ ಓದುಗ:
ನಮ್ಮ ‘ಸುಮಾರು’ ಇದ್ದಂಗೇ ಇದೆ ಅಲ್ವಾ ಇದು? ‘ಸಿನಿಮಾ ಹೇಗಿತ್ತು?’ ಅಂದರೆ ‘ಸುಮಾರಾಗಿತ್ತು’ ಅಂತೀವಿ, ಅಂದರೆ ದುಡ್ಡು ದಂಡ ಅಂತ ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ‘ಮದುವೆಗೆ ಸುಮಾರು ಜನ ಬಂದಿದ್ದರು’ ಅಂದರೆ ಊಟಕ್ಕೆ ಮೂರು ಪಂಕ್ತಿ ಆಗಿತ್ತು ಅಂತ. ಪದ ಒಂದೇ, ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಜಾಸ್ತಿ. ‘ಕ್ವೈಟ್ ಎ ಫ್ಯೂ ಪೀಪಲ್’ ಅಂದರೆ ಸರಿಯಾಗಿ ಈ ‘ಸುಮಾರು ಜನ’ವೇ. ‘ಫ್ಯೂ’ ನೋಡಿ ಕಡಿಮೆ ಅಂದುಕೊಂಡು ಅಡುಗೆ ಮಾಡಿಸಿದರೆ ಮಾನ ಹೋಗುತ್ತದೆ.

‘ಪರವಾಗಿಲ್ಲ’ವೂ ಅಷ್ಟೇ. ನಮ್ಮಪ್ಪ ಕಾಫಿ ಕುಡಿದು ಸಣ್ಣ ದನಿಯಲ್ಲಿ ‘ಪರವಾಗಿಲ್ಲ’ ಅಂದರೆ ಸಕ್ಕರೆ ಹೆಚ್ಚಾಗಿದೆ ಅಂತ. ‘ಪರವಾಗಿಲ್ವೇ!’ ಅಂತ ಹುಬ್ಬೇರಿಸಿದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಮ್ಮನೇಲಿ ಇಲ್ಲ.

ಬೆಣ್ಣೆದೋಸೆ:
‘ಸುಮಾರು’ ಅಂದ ತಕ್ಷಣ ತಲೆಗೆ ಹೋಯಿತು! ಅಂದರೆ ಲಂಡನ್ನಿನವರು ನನ್ನ ರಿಪೋರ್ಟ್ ಸುಮಾರಾಗಿದೆ ಅಂದಿದ್ದು. ಹೋಗಲಿ, ‘ನಾಟ್ ಕ್ವೈಟ್’ ಅಂದರೇನು? ತಿದ್ದುಪಡಿ ಮಾಡಿ ಕಳಿಸಿದ್ದಕ್ಕೆ ‘ನಾಟ್ ಕ್ವೈಟ್ ದೇರ್’ ಅಂತ ಬಂದಿದೆ.

ಹಳೇ ಮೇಷ್ಟ್ರು:
ಅಲ್ಲಿ ‘ಪೂರ್ತಿ’ ಅನ್ನುವ ಹಳೇ ಅರ್ಥವೇ. ಇನ್ನೂ ಪೂರ್ತಿ ಆಗಿಲ್ಲ, ಸ್ವಲ್ಪ ಬಾಕಿ ಇದೆ ಅಂತ. ಬ್ರಿಟಿಷರು ಬರೆದದ್ದಾದರೆ ಆ ‘ಸ್ವಲ್ಪ’ವನ್ನು ನಂಬಬೇಡಿ. ಭಾನುವಾರ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಬೆಣ್ಣೆದೋಸೆ:
ಅಯ್ಯೋ. ಈಗ ತಾನೇ ಅವರಿಗೆ ‘ನಿಮ್ಮ ಸಲಹೆ ಕ್ವೈಟ್ ಹೆಲ್ಪ್‌ಫುಲ್’ ಅಂತ ಮೇಲ್ ಹಾಕಿದೆ. ಇನ್ನೊಮ್ಮೆ ನೋಡಿದರೆ quite ಪದದ ಕೊನೆಯ ಎರಡು ಅಕ್ಷರ ಅದಲುಬದಲಾಗಿ quiet, ಅಂದರೆ ‘ಕ್ವಯಟ್ ಹೆಲ್ಪ್‌ಫುಲ್’ ಆಗಿದೆ. ಅದೂ ಸರಿಯಾದ ಪದವೇ ಅಲ್ವಾ, ಸ್ಪೆಲ್‌ಚೆಕ್ ಕೆಂಪು ಗೆರೆ ಹಾಕಲೇ ಇಲ್ಲ.

ಉಡುಪಿ ಟು ಲೀಡ್ಸ್:
ಸರಿಯಾಗಿ ಬರೆದಿದ್ದರೂ ‘ನಿಮ್ಮ ಸಲಹೆ ಸುಮಾರಾಗಿತ್ತು’ ಅಂತಲೇ ಓದಿಕೊಳ್ಳುತ್ತಿದ್ದರು. ಇದೇ ವಾಸಿ ಬಿಡಿ 😄