ಹೈಸ್ಕೂಲ್ ಪೋರ್ಟ್‌ಫೋಲಿಯೊಗೆ ಕಾಲೇಜಿನಲ್ಲಿ ಡಿಸೈನ್ ಕ್ರೆಡಿಟ್: ನಿಮ್ಮ ಮಕ್ಕಳಿಗೆ ಏನಾಯಿತು?

ಫ್ರೀಮಾಂಟ್ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಈಗ ಹನ್ನೊಂದನೇ ಕ್ಲಾಸ್. ಶಾಲೆಯಲ್ಲಿ ಗ್ರಾಫಿಕ್ ಡಿಸೈನ್ ಸಿಟಿಇ (ವೃತ್ತಿ ಶಿಕ್ಷಣ) ಕೋರ್ಸ್ ಮುಗಿಯುತ್ತಾ ಬಂತು. ಫೋಟೋಶಾಪ್‌ನಲ್ಲಿ ಅಡೋಬಿ ಸರ್ಟಿಫೈಡ್ ಪ್ರೊಫೆಷನಲ್ ಪರೀಕ್ಷೆ ಪಾಸಾಗಿದ್ದಾಳೆ. ಮುಂದಿನ ವರ್ಷ ಎಪಿ ಟು-ಡಿ (ಹೈಸ್ಕೂಲಿನಲ್ಲೇ ಮಾಡುವ ಕಾಲೇಜು ಮಟ್ಟದ ಕಲಾ ಕೋರ್ಸ್, ಪೋರ್ಟ್‌ಫೋಲಿಯೊಗೆ ಅಂಕ) ಮಾಡಿಸಲಾ, ಹೈಸ್ಕೂಲ್ ಓದುತ್ತಲೇ ಕಾಲೇಜು ಕ್ಲಾಸ್ ಮಾಡುವ, ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಸರ್ಕಾರಿ ಕಾಲೇಜು) ಡ್ಯುಯಲ್ ಎನ್‌ರೋಲ್‌ಮೆಂಟ್‌ಗೆ ಸೇರಿಸಲಾ? ಡಿಗ್ರಿಯಲ್ಲಿ ಒಂದು ಸೆಮಿಸ್ಟರ್ ಆದರೂ ಉಳಿಯಲಿ ಅಂತ ಆಸೆ.

ಸ್ಯಾನ್ ಹೋಸೆ ಅಪ್ಪ
ಸೆಮಿಸ್ಟರ್ ಉಳಿಯುವ ಆಸೆ ಬಿಡಿ ಮೇಡಂ. ನನ್ನ ಮಗನಿಗೆ ಎಪಿ ಟು-ಡಿಯಲ್ಲಿ 5ಕ್ಕೆ 4 ಬಂತು. ಖರ್ಚು ಕೇಳಿ. 2024ರ ಪರೀಕ್ಷಾ ಶುಲ್ಕ 98 ಡಾಲರ್, ಅದು ಲೆಕ್ಕಕ್ಕೇ ಇಲ್ಲ. ಸಸ್ಟೇನ್ಡ್ ಇನ್ವೆಸ್ಟಿಗೇಷನ್‌ಗೆ 15 ಚಿತ್ರ ಕೊಡಬೇಕಲ್ಲ, ನೂರಕ್ಕೆ 60 ಅಂಕ ಅದಕ್ಕೇ. ಒಂದೇ ಪ್ರಶ್ನೆಯ ಬೆನ್ನು ಹತ್ತಿ ವರ್ಷವಿಡೀ ಓಡಾಡಬೇಕು. ಇವನು ಹಿಡಿದದ್ದು ಸಂತೆಯ ಬೆಲೆ ಬೋರ್ಡುಗಳನ್ನು. ಶನಿವಾರ ಬೆಳಗಾದರೆ ನಾನು ಡ್ರೈವರ್. ಐಪ್ಯಾಡ್ ಪ್ರೊ, ಪೆನ್ಸಿಲ್, ಪೆನ್ಸಿಲ್ ತುದಿ ಸವೆದರೆ ಹೊಸ ತುದಿ. ಸಲ್ಲಿಸುವುದೆಲ್ಲ ಡಿಜಿಟಲ್, ಆದರೂ ಟೀಚರ್‌ಗೆ ಗೋಡೆಗೆ ಹಾಕಲು ಪ್ರಿಂಟ್ ಬೇಕು. ನೀಲಿ ಸರಿಯಾಗಿ ಬಂದಿಲ್ಲ ಅಂತ ಇನ್ನೊಂದು ಪ್ರಿಂಟ್. ಎಲ್ಲ ಈಗ ಗ್ಯಾರೇಜಿನಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿವೆ.

ಕಾಲೇಜು ಏನು ಮಾಡಿತು? ಫ್ರೀ ಎಲೆಕ್ಟಿವ್ ಅಂತ 3 ಕ್ರೆಡಿಟ್ ಹಾಕಿ ಕೈತೊಳೆದುಕೊಂಡಿತು. ಮೇಜರ್‌ನ ಪಟ್ಟಿಯಲ್ಲಿ ಒಂದು ಸಾಲೂ ಕಮ್ಮಿಯಾಗಲಿಲ್ಲ. ಫೌಂಡೇಶನ್ ಕ್ಲಾಸ್ ಮತ್ತೆ ಮಾಡಿದ. ಅದನ್ನು ಫಾಲ್‌ನಲ್ಲಿ ಮಾಡದಿದ್ದರೆ ಸ್ಪ್ರಿಂಗ್‌ನಲ್ಲಿ ಟೈಪೋಗ್ರಫಿಗೆ ಬಿಡಲ್ಲ. ಟೈಪೋಗ್ರಫಿ ಆಗದೆ ಎರಡನೇ ವರ್ಷದ ರಿವ್ಯೂಗೆ ಬಿಡಲ್ಲ. ಕ್ರೆಡಿಟ್ ಎಷ್ಟೇ ಇರಲಿ, ನಾಲ್ಕು ವರ್ಷ ನಾಲ್ಕೇ ವರ್ಷ.

ಸ್ಯಾಕ್ರಮೆಂಟೊ ಕನ್ನಡತಿ
ಐಪ್ಯಾಡ್ ಪ್ರೊ ಕೊಳ್ಳಿ ಅಂತ ಎಪಿ ನಡೆಸುವ ಕಾಲೇಜ್ ಬೋರ್ಡ್ ಹೇಳಿತ್ತಾ? ನನ್ನ ಮಗಳು ಒಂದು ಡಾಲರ್ ಖರ್ಚಿಲ್ಲದೆ ಕ್ರೆಡಿಟ್ ತಂದಳು. ಆರ್ಟಿಕ್ಯುಲೇಷನ್! ಇಲ್ಲಿ ಅದರ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ಶಾಲೆಯ ಕ್ಲಾಸಿಗೇ ಕಾಲೇಜು ಕ್ರೆಡಿಟ್ ಕೊಡಲು ಶಾಲೆಗೂ ಕಮ್ಯುನಿಟಿ ಕಾಲೇಜಿಗೂ ಒಪ್ಪಂದ ಇತ್ತು. ಸಿಟಿಇ ಕ್ಲಾಸ್‌ನಲ್ಲಿ ಬಿ ಅಥವಾ ಮೇಲೆ, ಕಾಲೇಜು ಒಪ್ಪಿದ ಫೈನಲ್ ಪರೀಕ್ಷೆ, ಜೊತೆಗೆ ಒಂದು ಪೋರ್ಟ್‌ಫೋಲಿಯೊ. ಅಷ್ಟೇ. ಕಮ್ಯುನಿಟಿ ಕಾಲೇಜು ಅರ್ಜಿಯ ಸೈಟ್ ಸಿಸಿಸಿ ಅಪ್ಲೈನಲ್ಲಿ ಐಡಿ ಮಾಡಿ, ಗಡುವಿನ ಒಳಗೆ ಈ ಕ್ರೆಡಿಟ್ ದಾಖಲಿಸುವ ಕಟೀಮಾ ಸೈಟ್‌ನಲ್ಲಿ ಹೆಸರು ಹಾಕಬೇಕು. ಅವಳ ಕ್ಲಾಸಿನ ಅರ್ಧ ಮಕ್ಕಳು ಅದನ್ನು ಮಾಡಲೇ ಇಲ್ಲ. ನಾನು ದಿನಾ ಊಟಕ್ಕೆ ಕೂತಾಗ ಕೇಳುತ್ತಿದ್ದೆ, ಮಾಡಿದೆಯಾ, ಮಾಡಿದೆಯಾ ಅಂತ. ಅದೇ ಕಾಲೇಜಿಗೆ ಸೇರಿದಳು, ಇಂಟ್ರೊ ಟು ಗ್ರಾಫಿಕ್ ಡಿಸೈನ್ ಮುಗಿದ ಹಾಗೆಯೇ ಲೆಕ್ಕ.

ಸ್ಯಾನ್ ಹೋಸೆ ಅಪ್ಪ
3 ಯೂನಿಟ್, ಅಂದರೆ 3 ಕ್ರೆಡಿಟ್, ಯೂನಿಟ್‌ಗೆ 46 ಡಾಲರ್. ಒಟ್ಟು 138 ಡಾಲರ್ ಉಳಿಸಿದಿರಿ. ಅಭಿನಂದನೆಗಳು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕ್ರೆಡಿಟ್ ಬೈ ಎಕ್ಸಾಮ್ (ಕಾಲೇಜು ಕ್ಲಾಸಿಗೆ ಕೂರದೆ ಪರೀಕ್ಷೆಯಿಂದ ಬಂದದ್ದು) ಅಂತ ಬರೆದಿರುತ್ತದೆ, ನಾಲ್ಕು ವರ್ಷದ ಕಾಲೇಜಿಗೆ ಹೋದಾಗ ಅದನ್ನು ಒಪ್ಪುತ್ತಾರಾ ನೋಡಿ.

ಸ್ಯಾಕ್ರಮೆಂಟೊ ಕನ್ನಡತಿ
138 ಡಾಲರ್ ನಿಮಗೆ ಚಿಲ್ಲರೆ ಇರಬಹುದು. ನಮ್ಮ ಮನೆಯಲ್ಲಿ ಅಲ್ಲ.

ಆಸ್ಟಿನ್‌ನಿಂದ
ಡ್ಯುಯಲ್ ಎನ್‌ರೋಲ್‌ಮೆಂಟ್ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಇನ್ನೂ ಉರಿಯುತ್ತಿದೆ. ಮಗ ಹೈಸ್ಕೂಲಿನಲ್ಲಿ ಸಾಫ್ಟ್‌ವೇರ್ ಹುಲಿ. ಇಲಸ್ಟ್ರೇಟರ್‌ನಲ್ಲಿ ಕಣ್ಣು ಮುಚ್ಚಿ ಪೆನ್ ಟೂಲ್ ಓಡಿಸುತ್ತಿದ್ದ. ಕಾಲೇಜಿನ ಡಿಜಿಟಲ್ ಇಮೇಜಿಂಗ್ ಕ್ಲಾಸ್‌ಗೆ ಸೇರಿದ. ಅಲ್ಲಿ ಅಂಕ ಹೋದದ್ದು ಸಾಫ್ಟ್‌ವೇರ್‌ಗೆ ಅಲ್ಲ. ವಾರಕ್ಕೊಮ್ಮೆ ಕ್ರಿಟೀಕ್, ಅಂದರೆ ಒಬ್ಬರ ಕೆಲಸವನ್ನು ಇನ್ನೊಬ್ಬರು ವಿಮರ್ಶಿಸುವುದು, ಬಾಯಿ ಬಿಟ್ಟು ಮಾತಾಡದಿದ್ದರೆ ಅಂಕ ಇಲ್ಲ. ಇವನು ಮೌನಿ ಬಾಬಾ. ಒಂದು ಪ್ರಾಜೆಕ್ಟ್ ರಾತ್ರಿ 11:59ರ ಗಡುವು ದಾಟಿತು, ಸೊನ್ನೆ. ಕೊನೆಗೆ ಸಿ.

ಆ ಸಿ ಹೈಸ್ಕೂಲಿನ ಸಿ ಅಲ್ಲ ಸ್ವಾಮಿ. ಕಾಲೇಜು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಶಾಶ್ವತ. ಯಾವ ಕಾಲೇಜಿಗೆ ಅರ್ಜಿ ಹಾಕಿದರೂ ತೋರಿಸಲೇಬೇಕು. ನಡುವೆ ಹೇಗೆ ಓದುತ್ತಿದ್ದಾನೆ ಅಂತ ಕಾಲೇಜಿಗೆ ಫೋನ್ ಮಾಡಿದರೆ, ಫೆರ್ಪಾ ಅಂತ ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಕಾನೂನು, ಹುಡುಗನ ಒಪ್ಪಿಗೆ ತನ್ನಿ ಅಂದರು. ಹದಿನಾರು ವರ್ಷ ಅವನಿಗೆ! ಫೀಸು ಮನ್ನಾ ಆಗಿತ್ತು, ನಿಜ. ಆದರೆ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಸಾಲದು ಅಂತ ಹೊಸದು ಬಂತು. ಸಾಫ್ಟ್‌ವೇರ್ ಚಂದಾ ಮಧ್ಯದಲ್ಲಿ ನಿಲ್ಲಿಸಲು ಹೋದರೆ ಅದಕ್ಕೂ ದಂಡ. ಆ ಕಂಪನಿಯ ಹೆಸರು ಬೇಡ, ಬಿಪಿ ಏರುತ್ತದೆ.

ಸಿಯಾಟಲ್ ಮೇಷ್ಟ್ರು
ನಾನು ಕಾಲೇಜಿನಲ್ಲಿ ಡಿಸೈನ್ ಕಲಿಸುತ್ತೇನೆ, ಯಾವ ಹಂತದ ಕ್ಲಾಸಿಗೆ ಸೇರಿಸಬೇಕು ಅಂತ ನಿರ್ಧರಿಸುವ ಪ್ಲೇಸ್‌ಮೆಂಟ್ ಪೋರ್ಟ್‌ಫೋಲಿಯೊಗಳನ್ನೂ ನೋಡುತ್ತೇನೆ. ಒಂದು ಮಾತು. ವೇವರ್ ಬೇರೆ, ಕ್ರೆಡಿಟ್ ಬೇರೆ. ಪೋರ್ಟ್‌ಫೋಲಿಯೊ ಚೆನ್ನಾಗಿದ್ದರೆ ಮೊದಲ ಕ್ಲಾಸ್ ಬಿಟ್ಟು ಮುಂದಿನದಕ್ಕೆ ಹೋಗಲು ಬಿಡುತ್ತೇವೆ. ಆದರೆ ಆ ಯೂನಿಟ್‌ಗಳನ್ನು ಬೇರೆ ಕ್ಲಾಸ್‌ನಿಂದ ತುಂಬಿಸಲೇಬೇಕು. ಇದನ್ನು ಕೇಳಿ ಅಪ್ಪ ಅಮ್ಮಂದಿರ ಮುಖ ಇಳಿದುಹೋಗುತ್ತದೆ.

ಮತ್ತೆ, ನಾನು ಪಿಡಿಎಫ್ ನೋಡಿ ಸುಮ್ಮನಾಗುವುದಿಲ್ಲ. ಮೂಲ ಫೈಲ್ ಕೇಳುತ್ತೇನೆ. ಹೋದ ವರ್ಷ ಒಬ್ಬ ಹುಡುಗ ಸರ್ಟಿಫಿಕೇಟುಗಳ ಸಮೇತ ಬಂದ. ಪತ್ರಿಕೆಯ ಪುಟ ವಿನ್ಯಾಸ, ಪರದೆಯ ಮೇಲೆ ನೋಡಿದರೆ ಬಲು ಚಂದ. ಫೈಲ್ ತೆರೆದೆ. ಪ್ಯಾರಾಗ್ರಾಫ್ ಸ್ಟೈಲ್ ಒಂದೂ ಇಲ್ಲ, ಪ್ರತಿ ಶೀರ್ಷಿಕೆಯನ್ನೂ ಕೈಯಲ್ಲೇ ದೊಡ್ಡದು ಮಾಡಿದ್ದಾನೆ. ಜಾಗ ಬಿಡಲು ಎಂಟರ್ ಒತ್ತಿಕೊಂಡು ಹೋಗಿದ್ದಾನೆ. ಬ್ಲೀಡ್ (ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ಆಚೆ ಬಿಡುವ ಭಾಗ) ಸೊನ್ನೆ. ಎಲ್ಲವೂ ಪರದೆಯ ಬಣ್ಣ, ಆರ್‌ಜಿಬಿ. ಮುದ್ರಿಸಿದ ಪ್ರತಿಯಲ್ಲಿ ಸಣ್ಣ ಕಪ್ಪು ಅಕ್ಷರಗಳು ನಾಲ್ಕು ಬಣ್ಣದಲ್ಲಿ ಕೂತು ಅಂಚು ಮಸುಕಾಗಿತ್ತು. ಸರ್ಟಿಫಿಕೇಟ್ ಪರೀಕ್ಷೆಯಲ್ಲಿ 1000ಕ್ಕೆ 700 ಬಂದರೆ ಪಾಸ್. ಅದು ಮೆನು ಎಲ್ಲಿದೆ ಅಂತ ಗೊತ್ತು ಅನ್ನುವುದಕ್ಕೆ ಸಾಕ್ಷಿ, ಡಿಸೈನ್‌ಗೆ ಅಲ್ಲ.

ಸ್ಯಾನ್ ಹೋಸೆ ಅಪ್ಪ
ಅಂದರೆ ಫೌಂಡೇಶನ್ ಕ್ಲಾಸಿಗೆ ಮತ್ತೆ ದುಡ್ಡು ಕಟ್ಟಿಸಲು ನಿಮ್ಮಂಥವರು ಹುಡುಕುವ ನೆಪ ಇದು.

ಸಿಯಾಟಲ್ ಮೇಷ್ಟ್ರು
ನಾನು ಪಾರ್ಟ್ ಟೈಮ್ ಮೇಷ್ಟ್ರು. ಆ ದುಡ್ಡು ನನ್ನ ಜೇಬಿಗೆ ಬಂದಿದ್ದರೆ ನಿಮಗೊಂದು ಐಪ್ಯಾಡ್ ಪೆನ್ಸಿಲ್ ತುದಿ ಕೊಡಿಸುತ್ತಿದ್ದೆ.

ಇರ್ವೈನ್ ಅಣ್ಣ
ಮೇಷ್ಟ್ರೇ, ಜಗಳ ಬಿಡಿ. ಯುಸಿ, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆಕ್ಕ ಬೇರೆ. ಎಪಿಯಲ್ಲಿ 3 ಅಥವಾ ಮೇಲೆ ಬಂದರೆ 8 ಕ್ವಾರ್ಟರ್ ಯೂನಿಟ್. ಡ್ರಾಯಿಂಗ್, ಟು-ಡಿ, ತ್ರೀ-ಡಿ ಮೂರೂ ಮಾಡಿದರೂ 8ಕ್ಕಿಂತ ಜಾಸ್ತಿ ಇಲ್ಲ. ಡಿಗ್ರಿಗೆ 180 ಬೇಕು. ನಮ್ಮ ಮಗಳಿಗೆ ಮೇಜರ್‌ನಲ್ಲಿ ಏನೂ ಉಳಿಯಲಿಲ್ಲ, ಆದರೆ ಒಟ್ಟು ಯೂನಿಟ್ ಜಾಸ್ತಿ ಇದ್ದದ್ದರಿಂದ ರಿಜಿಸ್ಟ್ರೇಷನ್ ಸರದಿ ಬೇಗ ಬಂತು. ಎಲ್ಲರೂ ಬೇಕು ಅನ್ನುವ ಕ್ಲಾಸ್‌ನಲ್ಲಿ ಸೀಟು ಸಿಕ್ಕಿತು. ನನಗಂತೂ ಅದೇ ದೊಡ್ಡ ಲಾಭ.

ಜಯನಗರ ಮಾವ
ನಿಮ್ಮ ಗೋಳು ಓದಿ ನಗು ಬಂತು. ಇಲ್ಲಿ ಪಿಯುಸಿ ಹುಡುಗ ಎಷ್ಟೇ ಪೋರ್ಟ್‌ಫೋಲಿಯೊ ಮಾಡಲಿ, ಅರ್ಧ ಕ್ರೆಡಿಟ್ ಕೊಡುವವರಿಲ್ಲ. ತಂಗಿ ಮಗ ಬ್ಲೆಂಡರ್ ಅನ್ನುವ ತ್ರೀ-ಡಿ ಸಾಫ್ಟ್‌ವೇರ್‌ನಲ್ಲಿ ಇಡೀ ಮಲ್ಲೇಶ್ವರ ರೈಲ್ವೆ ಸ್ಟೇಷನ್ ಕಟ್ಟಿದ್ದ. ಡಿಸೈನ್ ಪ್ರವೇಶ ಪರೀಕ್ಷೆ ಯುಸೀಡ್‌ನಲ್ಲಿ ಪಾರ್ಟ್ ಬಿ ಕೈಯಲ್ಲಿ ಚಿತ್ರ ಬಿಡಿಸುವುದು. ಅಲ್ಲಿ ಬ್ಲೆಂಡರ್ ಕೇಳುವವರು ಯಾರು? ಎರಡು ಸಲ ಬರೆದ, ಮೂರನೇ ಸಲಕ್ಕೆ ಅವಕಾಶ ಇಲ್ಲ. ಅವನ ಗೆಳೆಯ ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಹೋದ. ಇಂಜಿನಿಯರಿಂಗ್‌ಗೆ ಆ ದಾರಿ ಇದೆ, ಡಿಸೈನ್‌ಗೆ ಯಾಕಿಲ್ಲ ಅಂತ ನಾನು ಹತ್ತು ಕಡೆ ಕೇಳಿದ್ದೇನೆ.

ಆಸ್ಟಿನ್‌ನಿಂದ
ಮಾವ, ಅವರು ಕೇಳಿದ್ದು ಕ್ಯಾಲಿಫೋರ್ನಿಯಾದ್ದು.

ಜಯನಗರ ಮಾವ
ನೀವು ಟೆಕ್ಸಾಸ್ ಕಥೆ ಹೇಳಲಿಲ್ವಾ?

ಇರ್ವೈನ್ ಅಣ್ಣ
ಫೋಟೋಶಾಪ್ ಚಂದಾಕ್ಕೆ ಯಾಕೆ ಅಳುತ್ತೀರೋ ಗೊತ್ತಾಗಲ್ಲ. ಎಪಿಗೆ ಅದೇ ಬೇಕು ಅಂತ ಎಲ್ಲೂ ಇಲ್ಲ. ನಮ್ಮವಳು ಕ್ರಿಟಾದಲ್ಲಿ ಮಾಡಿದಳು, ಪುಕ್ಕಟೆ. ಬೇಡದ್ದು ಒಂದೇ, ಎಐ. ಯಾವ ಹಂತದಲ್ಲೂ ಬಳಸುವಂತಿಲ್ಲ. ಐಡಿಯಾ ಹುಡುಕಲೂ ಇಲ್ಲ.

ಸ್ಯಾನ್ ಹೋಸೆ ಅಪ್ಪ
ಹಾಗಾದರೆ ಫೋಟೋಶಾಪ್‌ನ ಜನರೇಟಿವ್ ಫಿಲ್? ಬೇಡದ ವೈರ್ ಅಳಿಸಲು ಒಂದು ಸಲ ಒತ್ತಿದರೂ ಎಐ ತಾನೇ?

ಸಿಯಾಟಲ್ ಮೇಷ್ಟ್ರು
ಹೌದು. ಕ್ಲೋನ್ ಸ್ಟ್ಯಾಂಪ್ ಹಿಡಿದು ಕೈಯಲ್ಲಿ ಅಳಿಸಲಿ. ಫ್ರೀಮಾಂಟ್ ಮೇಡಂ, ನಿಮ್ಮ ಶಾಲೆಯ ಸಿಟಿಇ ಟೀಚರ್‌ಗೆ ಆರ್ಟಿಕ್ಯುಲೇಷನ್ ಒಪ್ಪಂದ ಇದೆಯಾ ಅಂತ ಮೊದಲು ಕೇಳಿ. ಈಗ ಮುಗಿಯುತ್ತಿರುವ ಕೋರ್ಸಿಗೇ ಸಿಗಬಹುದು, ಗಡುವು ಶಾಲಾ ವರ್ಷದೊಳಗೇ ಇರುತ್ತದೆ.

ಸ್ಯಾಕ್ರಮೆಂಟೊ ಕನ್ನಡತಿ
ಅದನ್ನೇ ನಾನು ಮೇಲೆ ಹೇಳಿದ್ದು. ಆಗ ಎಲ್ಲರೂ 138 ಡಾಲರ್ ಅಂತ ನಕ್ಕಿರಿ.

ಸ್ಯಾನ್ ಹೋಸೆ ಅಪ್ಪ
ಎಲ್ಲರೂ ಅಲ್ಲ, ನಾನೊಬ್ಬನೇ ನಕ್ಕಿದ್ದು. ಅಂದಹಾಗೆ ಐಪ್ಯಾಡ್ ಮಾರಾಟಕ್ಕಿದೆ.