ಆಯುಷ್ಮಾನ್ ಕಾರ್ಡ್ ತೆಗೆದುಕೊಳ್ಳುವ ಫಿಜಿಷಿಯನ್ ಬೇಕು, ಅನುಭವ ಇದ್ದವರು ಹೇಳಿ

ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ಬಿಪಿಎಲ್ ರೇಷನ್ ಕಾರ್ಡ್ ಇದೆ, ಆಯುಷ್ಮಾನ್ ಕಾರ್ಡೂ ಮಾಡಿಸಿದ್ದೇವೆ. ತಿಂಗಳಿಗೊಮ್ಮೆ ತೋರಿಸಲು ಈ ಕಾರ್ಡ್ ನಡೆಯುವ ಜನರಲ್ ಮೆಡಿಸಿನ್ ಡಾಕ್ಟರ್ ಹತ್ತಿರದಲ್ಲಿ ಯಾರಾದರೂ ಇದ್ದಾರಾ? ಹೇಗೆ ಹುಡುಕುವುದು?

ಉತ್ತರ 1:
ಕಾರ್ಡ್ ಹಿಡಿದು ಖಾಸಗಿ ಕ್ಲಿನಿಕ್‌ಗಳಿಗೆ ಸುಮ್ನೆ ಅಲೆಯಬೇಡಿ. ನಾವು ಅತ್ತೆಯವರನ್ನು ಕರೆದುಕೊಂಡು ಅಲೆದಿದ್ದೇವೆ. ಈ ಕಾರ್ಡಿನ ಯೋಜನೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಇರುವುದು ಮುಖ್ಯವಾಗಿ ಅಡ್ಮಿಟ್ ಆಗುವ ಚಿಕಿತ್ಸೆಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಖಾಸಗಿ ಡಾಕ್ಟರ ತಿಂಗಳ ಫೀಸು, ಮಾತ್ರೆ ಖರ್ಚು ಅದರಲ್ಲಿ ಬರುವುದಿಲ್ಲ.

ತಾಲ್ಲೂಕು ಆಸ್ಪತ್ರೆಗೆ ಹೋಗಿ ಎನ್‌ಸಿಡಿ ಕ್ಲಿನಿಕ್ ಎಲ್ಲಿ ಅಂತ ಕೇಳಿ. ಬಿಪಿ, ಶುಗರ್ ಇರುವವರನ್ನೇ ಅಲ್ಲಿ ನೋಡುವುದು, ಮಾತ್ರೆಯೂ ಉಚಿತ. ಫಿಜಿಷಿಯನ್ ಯಾವ ದಿನ ಓಪಿಡಿಯಲ್ಲಿ ಕೂರುತ್ತಾರೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಎಮರ್ಜೆನ್ಸಿ ಡ್ಯೂಟಿ ಅಥವಾ ರಜೆ ಇದ್ದರೆ ಬೇರೆಯವರು ನೋಡಿ ಕಳಿಸುತ್ತಾರೆ. ಹಳೆಯ ಚೀಟಿ, ರಿಪೋರ್ಟ್ ಎಲ್ಲ ಒಂದೇ ಫೈಲಿನಲ್ಲಿ ಇಡಿ. ಪ್ರತಿ ಸಲ ಅದೇ ಡಾಕ್ಟರಿಗೆ ತೋರಿಸಿದರೆ ಅವರಿಗೂ ಅಮ್ಮನ ಗುರುತು ಸಿಗುತ್ತದೆ. ನಮಗೆ ಇದರಿಂದ ತುಂಬಾ ಉಪಯೋಗವಾಯಿತು. ಅತ್ತೆಯ ಕಾಲಿನ ಊತ ನೋಡಿದ ತಕ್ಷಣ ಕಿಡ್ನಿ ಟೆಸ್ಟ್ ಬರೆದವರು ಅದೇ ಡಾಕ್ಟರು.

ಇನ್ನೊಂದು ಮುಖ್ಯ ವಿಷಯ. ಮುಂದೆ ಅಡ್ಮಿಟ್ ಮಾಡಬೇಕಾಗಿ ಬಂದು, ಆ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಖಾಸಗಿಗೆ ರೆಫರಲ್ ಬರೆದುಕೊಡುವುದು ಸರ್ಕಾರಿ ಆಸ್ಪತ್ರೆಯವರೇ. ಎಮರ್ಜೆನ್ಸಿ ಆದರೆ ರೆಫರಲ್‌ಗೆ ಕಾಯದೆ, ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರ ಹೋಗಿ. ಅಲ್ಲಿ ಈ ಯೋಜನೆಯ ರೋಗಿಗಳಿಗೆ ಸಹಾಯ ಮಾಡುವ ಆರೋಗ್ಯಮಿತ್ರ ಇರುತ್ತಾರೆ, ದುಡ್ಡು ಕಟ್ಟುವ ಮೊದಲು ಅವರ ಹತ್ತಿರ ಮಾತಾಡಿ. ಯಾವ ಆಸ್ಪತ್ರೆ ಯೋಜನೆಯಲ್ಲಿದೆ ಎಂದು 14555ಕ್ಕೆ ಫೋನ್ ಮಾಡಿ ಕೇಳಬಹುದು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಜೊತೆಗೆ ನಿಮ್ಮ ಸಂಬಳದ ಚೀಟಿ ಒಮ್ಮೆ ನೋಡಿ. ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳವಾಗಿದ್ದು, ಅದರಲ್ಲಿ 0.75% ಇಎಸ್‌ಐಗೆ (ನೌಕರರ ಸರ್ಕಾರಿ ಆರೋಗ್ಯ ವಿಮೆಗೆ) ಹಿಡಿಯುತ್ತಿದ್ದರೆ ನಿಮಗೆ ಇನ್ನೊಂದು ದಾರಿ ಇದೆ. ಇಎಸ್‌ಐನಲ್ಲಿ ಓಪಿಡಿ, ಮಾತ್ರೆ ಎಲ್ಲ ಸೇರುತ್ತದೆ. ಅಮ್ಮ ನಿಮ್ಮ ಆಸರೆಯಲ್ಲೇ ಇದ್ದರೆ ಅವರ ಹೆಸರನ್ನೂ ಸೇರಿಸಬಹುದು. ನನ್ನ ತಂದೆಗೆ ಹೀಗೇ ಮಾಡಿಸಿದೆ. ಮೊದಲು ನಿಮ್ಮ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಬೇಕು, ಅಲ್ಲಿಂದ ಇಎಸ್‌ಐ ಆಸ್ಪತ್ರೆಯ ಫಿಜಿಷಿಯನ್‌ಗೆ ಬರೆದುಕೊಡುತ್ತಾರೆ. ಅಮ್ಮನ ಹೆಸರು ಸೇರಿದೆಯಾ ಇಲ್ಲವಾ ಅಂತ ನಾಳೆಯೇ ನಿಮ್ಮ ಎಚ್‌ಆರ್‌ನವರನ್ನು ಕೇಳಿ.