ಬ್ವಿಂಡಿ ಕಾಡಿಗೆ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಶ್ರುತಿ, ಮೈಸೂರು
ಅಪ್ಪನಿಗೆ ಈಗ 66. ನಾನು ಚಿಕ್ಕವಳಿದ್ದಾಗ ಮೈಸೂರು ಮೃಗಾಲಯಕ್ಕೆ ಹೋದರೆ ಪೋಲೊ ಅನ್ನೋ ಗೊರಿಲ್ಲಾ ಮುಂದೆ ನಿಂತುಬಿಡುತ್ತಿದ್ದರು. ಆಗ ದೇಶಕ್ಕೆಲ್ಲಾ ಇದ್ದದ್ದು ಅದೊಂದೇ. "ಜೊತೆಗೆ ಯಾರೂ ಇಲ್ಲ ಪಾಪ" ಅನ್ನುತ್ತಿದ್ದರು. 2014ರಲ್ಲಿ ಅದು ಸತ್ತ ದಿನ ಸರಿಯಾಗಿ ಊಟ ಮಾಡಲಿಲ್ಲ. ಸಂಸಾರದ ಜೊತೆ ಕಾಡಿನಲ್ಲಿರೋ ಗೊರಿಲ್ಲಾಗಳನ್ನು ಅವರಿಗೆ ಒಮ್ಮೆ ತೋರಿಸಬೇಕು. ಉಗಾಂಡಾದ ಬ್ವಿಂಡಿಗೆ ಹೋಗಿ ಬಂದವರು ಇದ್ದೀರಾ? ಅಪ್ಪ ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ, ಆದರೆ ಎಡ ಮಂಡಿ ನೋವು. ಇಳಿಜಾರು ಕಷ್ಟ.

ನಾಗರಾಜ, ಕಂಪಾಲ
ಧೈರ್ಯವಾಗಿ ಕರೆದುಕೊಂಡು ಬನ್ನಿ ಶ್ರುತಿ ಅವರೇ. ನಾನು ಎರಡು ಸಲ ಹೋಗಿದ್ದೇನೆ.

ಗೊರಿಲ್ಲಾ ನೋಡೋ ಪರ್ಮಿಟ್ ತೆಗೆಸುವಾಗ ಕಾಡಿನ ಬುಹೋಮಾ ಕಡೆಯದ್ದೇ ಕೇಳಿ. ಎನ್ಕುರಿಂಗೊ ಕಡೆ ತುಂಬಾ ಕಡಿದು. ಬೆಳಿಗ್ಗೆ ಗುಂಪು ಮಾಡುವಾಗ ಮಂಡಿ ವಿಷಯ ಬಾಯಿಬಿಟ್ಟು ಹೇಳಿ, ಹತ್ತಿರ ಇರೋ ಗೊರಿಲ್ಲಾ ಕುಟುಂಬ ನೋಡೋ ಗುಂಪಿಗೆ ಹಾಕಲು ನೋಡುತ್ತಾರೆ. ಪೋರ್ಟರ್ ಬೇಡ ಅನ್ನಬೇಡಿ. ಅವರು ಅಲ್ಲಿನ ಹಳ್ಳಿಯವರೇ. ಕೆಸರಿನ ಇಳಿಜಾರಿನಲ್ಲಿ ನನ್ನ ಮೊಣಕೈ ಹಿಡಿದು ಇಳಿಸಿದ ಹುಡುಗನನ್ನು ನಾನು ಮರೆಯಲ್ಲ. ತೀರಾ ಆಗದವರನ್ನು ಕುರ್ಚಿಯಲ್ಲಿ ಹೊತ್ತುಕೊಂಡು ಹೋಗುವ ವ್ಯವಸ್ಥೆಯೂ ಇದೆ.

ಪರ್ಮಿಟ್ ಒಬ್ಬರಿಗೆ 800 ಡಾಲರ್. ರುವಾಂಡಾದಲ್ಲಿ 1500. ಒಂದು ಕುಟುಂಬದ ಹತ್ತಿರ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ದುಡ್ಡು ಜಾಸ್ತಿ ಅನ್ನಿಸುತ್ತೆ, ಆದರೆ ಆ ಕಾಡು ಉಳಿದಿರೋದರಲ್ಲಿ ಈ ದುಡ್ಡಿನ ಪಾಲೂ ಇದೆ.

ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಇರುವೆ ಹತ್ತುತ್ತವೆ. ತುರಿಕೆ ಗಿಡ ಬೇಕಾದಷ್ಟಿದೆ, ತೋಟದ ಕೆಲಸದ ದಪ್ಪ ಕೈಗವಸು ತನ್ನಿ.

ಒಂದು ಮಾತು ಮಾತ್ರ ಕೈಮುಗಿದು ಕೇಳ್ತೀನಿ. ನೆಗಡಿ, ಕೆಮ್ಮು ಇದ್ದರೆ ಒಳಗೆ ಹೋಗಬೇಡಿ, ಮುಚ್ಚಿಡಬೇಡಿ. ನಮ್ಮ ಕಾಯಿಲೆ ಗೊರಿಲ್ಲಾಗಳಿಗೂ ಅಂಟುತ್ತೆ. 1996ರಲ್ಲಿ ಮನುಷ್ಯರ ಕಜ್ಜಿ ಅಂಟಿ ಬ್ವಿಂಡಿಯಲ್ಲಿ ಒಂದು ಮರಿ ಸತ್ತೇ ಹೋಯಿತು. 2018ರ ಲೆಕ್ಕದಲ್ಲಿ ಇಡೀ ಪ್ರಪಂಚದಲ್ಲಿ ಬ್ವಿಂಡಿಯಲ್ಲಿರೋ ಈ ಬೆಟ್ಟದ ಗೊರಿಲ್ಲಾ ಜಾತಿಯವು ಇದ್ದದ್ದು 1063. ಯಾವ ಮೃಗಾಲಯದಲ್ಲೂ ಇಲ್ಲ. ಪೋಲೊ ಬೇರೆ, ತಗ್ಗುಕಾಡಿನ ಜಾತಿಯದು.

ಅಶ್ವಿನಿ, ಹುಬ್ಬಳ್ಳಿ
ನಾನು ನರ್ಸ್, ಅದಕ್ಕೇ ಹೇಳ್ತಿದ್ದೇನೆ. ಉಗಾಂಡಾಕ್ಕೆ ಹಳದಿ ಜ್ವರದ ಲಸಿಕೆ ಬೇಕೇ ಬೇಕು, ಹೊರಡೋಕೆ ಕನಿಷ್ಠ ಹತ್ತು ದಿನ ಮುಂಚೆ. ವಾಪಸ್ ಬರುವಾಗ ಇಲ್ಲಿನ ವಿಮಾನ ನಿಲ್ದಾಣದಲ್ಲೂ ಕಾರ್ಡ್ ಕೇಳುತ್ತಾರೆ. ಆದರೆ 60 ದಾಟಿದವರಿಗೆ ಈ ಲಸಿಕೆಯಿಂದ ತೊಂದರೆ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ಪರ್ಮಿಟ್‌ಗೆ ದುಡ್ಡು ಕಟ್ಟುವ ಮೊದಲು ಅಪ್ಪನನ್ನು ಡಾಕ್ಟರಿಗೆ ತೋರಿಸಿ. ಮಲೇರಿಯಾ ಮಾತ್ರೆ ಬಗ್ಗೆಯೂ ಅವತ್ತೇ ಕೇಳಿಬಿಡಿ.

ಶ್ರುತಿ, ಮೈಸೂರು
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಲಸಿಕೆ ವಿಷಯ ನನಗೆ ಗೊತ್ತೇ ಇರಲಿಲ್ಲ ಅಕ್ಕ, ಸೋಮವಾರವೇ ಡಾಕ್ಟರ ಹತ್ತಿರ ಹೋಗ್ತೀವಿ. ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ದುಡ್ಡಿನ ಮಾತು ಎತ್ತಲೇ ಇಲ್ಲ. "ಮರಿಗಳೂ ಕಾಣ್ತವಂತಾ?" ಅಂತ ಕೇಳಿದರು.

ನಾಗರಾಜ, ಕಂಪಾಲ
ನಾನು ಹೋದಾಗ ಎರಡು ಇದ್ದವು. ಬೆನ್ನು ಬೆಳ್ಳಗಾದ ದೊಡ್ಡ ಗಂಡು ಮಲಗಿತ್ತು. ಒಂದು ಮರಿ ಅದರ ಹೊಟ್ಟೆ ಮೇಲೆ ಹತ್ತೋದು, ಜಾರೋದು, ಮತ್ತೆ ಹತ್ತೋದು. ದೊಡ್ಡದು ಕಣ್ಣು ಕೂಡ ಬಿಡಲಿಲ್ಲ. ಮರಿ ಬೀಳದ ಹಾಗೆ ಒಂದು ಕೈ ಮಾತ್ರ ಅಡ್ಡ ಇಟ್ಟುಕೊಂಡಿತ್ತು.